ತಾಯಮ್ಮನ ಜಾಗಕ್ಕೆ ಕರಡಿ

ನಮ್ಮ ಊರಿನ ಹೋಟೆಲಿನಲ್ಲಿ ಇಡ್ಲಿ ಪಾತ್ರೆಯನ್ನು ಹಗ್ಗ ಹಾಕಿ ಕಂಬಕ್ಕೆ ಕಟ್ಟಿರುತ್ತಾರೆ. ಹೊರಗಿನಿಂದ ಬಂದವರು ಅದನ್ನು ನೋಡಿ, ಇಲ್ಲಿ ಕಳ್ಳರ ಕಾಟ ಅಷ್ಟೊಂದಿದೆಯೇ ಎಂದು ಕೇಳುತ್ತಾರೆ. ಕಳ್ಳರಿಲ್ಲ. ಪಾತ್ರೆ ಆಗಾಗ ಒಲೆಯಿಂದ ಒಂದು ಗೇಣು ಮೇಲೇಳುತ್ತದೆ, ಅಷ್ಟೆ. ನನ್ನ ಹೆಂಡತಿ ಇಂದ್ರಾಣಿ ಅದರ ಚಿತ್ರ ಬರೆದು ಲೋಕಕ್ಕೆ ಕೊಟ್ಟಿದ್ದಾಳೆ. ಎಲ್ಲೋ ಯಾರೋ ಅದನ್ನು ತಮ್ಮ ಕಂಪ್ಯೂಟರ್ ಆಟದಲ್ಲಿ ಆಕಾಶನೌಕೆ ಮಾಡಿಕೊಂಡಿದ್ದಾರೆ. ಅವರು ಅಲ್ಲಿ ಹಾರಿಸಿದಾಗ ಇದು ಇಲ್ಲಿ ಏಳುತ್ತದೆ. ಮೊದಮೊದಲು ಇಡ್ಲಿ ಅರೆಬೆಂದು ಗಿರಾಕಿಗಳು ಗೊಣಗಿದರು. ಆಮೇಲೆ ಹೋಟೆಲಿನವನು ಹಗ್ಗ ತಂದ. ಈಗ ಆ ವಿಷಯ ಯಾರೂ ಎತ್ತುವುದಿಲ್ಲ, ಚಟ್ನಿಯ ಉಪ್ಪಿನ ವಿಷಯವನ್ನು ಮಾತ್ರ ಎತ್ತುತ್ತಾರೆ.

ನಾನು ಬೆಟ್ಟಸ್ವಾಮಿ, ಹಿಟ್ಟಿನ ಗಿರಣಿ ನಡೆಸುವವನು. ಇಂದ್ರಾಣಿ ಮದುವೆಯಾಗಿ ಬಂದ ಹೊಸದರಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಎಳೆ ಎಣಿಸಿ ಗಿಳಿ, ಹಂಸ, ಹೂಕುಂಡ ಹೊಲಿಯುತ್ತಿದ್ದಳು. ಬಾಗಿಲಿಗೆ ಪರದೆ ಆಯಿತು, ಟೀವಿಗೆ ಹೊದಿಕೆ ಆಯಿತು, ಹೊಲಿಯಲು ಮನೆಯಲ್ಲಿ ಏನೂ ಉಳಿಯದಿದ್ದಾಗ ಗಿರಣಿಯ ಮೋಟಾರಿಗೂ ನವಿಲಿನ ಕವರು ಬಂತು. ಮನೆಗೆ ಒಂದು ಹಳೆಯ ಕಂಪ್ಯೂಟರ್ ಬಂದ ಮೇಲೆ ಎಳೆಯ ಬದಲು ಪಿಕ್ಸೆಲ್ ಎಣಿಸತೊಡಗಿದಳು. ಎರಡೂ ಒಂದೇ ಕೆಲಸ ಅನ್ನುತ್ತಾಳೆ. ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ ತುಂಬಬೇಕು. ದೂರದಿಂದ ನೋಡಿದರೆ ಕೋಳಿ, ಹತ್ತಿರ ಹೋದರೆ ಬರೀ ಚೌಕ. ಎಲ್ಲೆಲ್ಲಿಯೋ ಕೋಣೆಗಳಲ್ಲಿ ಒಬ್ಬೊಬ್ಬರೇ ಕೂತು ಆಟ ಕಟ್ಟುವವರಿದ್ದಾರಂತೆ. ಅವರಿಗೆ ಆಟ ಕಟ್ಟಲು ಬರುತ್ತದೆ, ಚಿತ್ರ ಬರೆಯಲು ಬರುವುದಿಲ್ಲ, ಬರೆಸಲು ಗತಿಯಿಲ್ಲ. ಅಂಥವರಿಗೆ ಇರಲಿ ಎಂದು ಇವಳು ಬರೆದದ್ದನ್ನೆಲ್ಲ ಪುಕ್ಕಟೆ ಕೊಡುತ್ತಾಳೆ.

ಕೊಡುವುದಕ್ಕೆ ನಮ್ಮಲ್ಲಿ ಒಂದು ರೀತಿ ಇದೆ. ಚಿತ್ರದಲ್ಲಿರುವುದು ಯಾರದೋ ಅವರನ್ನು ಹೊಸ್ತಿಲಿಗೆ ಕರೆದು, ಅವರ ಕೈ ಇವಳ ಕೈ ಜೋಡಿಸಿ, ಚೆಂಬಿನಿಂದ ನೀರು ಬಿಡಬೇಕು. ಮದುವೆಯಲ್ಲಿ ಧಾರೆ ಎರೆಯುತ್ತಾರಲ್ಲ, ಹಾಗೆ. ನೀರು ಬೀಳುತ್ತಿರುವಾಗ ಇಂದ್ರಾಣಿ ಬೀದಿಯ ಕಡೆ ಮುಖ ಮಾಡಿ ಹೇಳುತ್ತಾಳೆ: "ಯಾರ್ ಬೇಕಾದ್ರೂ ತಗೊಳ್ಳಿ. ಕತ್ತರಿಸ್ಕೊಳ್ಳಿ, ಬಣ್ಣ ಬದಲಾಯಿಸ್ಕೊಳ್ಳಿ, ಮಾರ್ಕೊಂಡ್ರೂ ಸರಿ. ನಮ್ ಹೆಸರು ಹೇಳಿದ್ರೆ ಸಂತೋಷ, ಹೇಳ್ದಿದ್ರೆ ಬೇಜಾರಿಲ್ಲ." ಆಮೇಲೆ ಒಳಗೆ ಹೋಗಿ ಚಿತ್ರವನ್ನು ಇಂಟರ್ನೆಟ್ಟಿಗೆ ಏರಿಸುತ್ತಾಳೆ. ಅಲ್ಲಿಗೆ ಮುಗಿಯಿತು. ಧಾರೆ ಎರೆದದ್ದನ್ನು ವಾಪಸ್ ಕೇಳುವ ಹಾಗಿಲ್ಲ. ಈ ಒಂದು ವಿಷಯದಲ್ಲಿ ಇಂದ್ರಾಣಿ ಬಹಳ ಕಟ್ಟುನಿಟ್ಟು. ನನಗೆ ಕೊಟ್ಟ ಸಿಹಿಯನ್ನು ಅರ್ಧ ತಿಂದ ಮೇಲೂ ವಾಪಸ್ ಕೇಳುವ ಹೆಂಗಸು ಇವಳೇನಾ ಎಂದು ನನಗೆ ಅನುಮಾನ ಬರುವಷ್ಟು ಕಟ್ಟುನಿಟ್ಟು.

ಮೊದಲು ಕೊಟ್ಟದ್ದು ಟೈಲರ್ ದಸ್ತಗೀರ್ ಸಾಬರ ಹುಂಜವನ್ನು. ಸ್ವಲ್ಪ ಕಾಲದಲ್ಲೇ ಅದು ಕಡುಬೇಸಿಗೆಯಲ್ಲಿ ಜುಟ್ಟಿನ ಮೇಲೆ ಹಿಮ ಹೊತ್ತುಕೊಂಡು ಮನೆಗೆ ಬಂತು. ಸಾಬರು ಸುಮ್ಮನೆ ಅದರ ಅಳತೆ ತೆಗೆದುಕೊಂಡು ಒಂದು ಸ್ವೆಟರ್ ಹೊಲಿದರು. ಆಮೇಲೆ ಬಸ್ ಸ್ಟ್ಯಾಂಡಿನ ಬೆಂಚು. ಅದರ ಬಣ್ಣವನ್ನು ಯಾರ್ಯಾರೋ ಬದಲಿಸುತ್ತಲೇ ಇರುತ್ತಾರಾದ್ದರಿಂದ ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಹೊರಟವರು ಮೊದಲು ಬೆಂಚನ್ನು ಮುಟ್ಟಿ ನೋಡಿ ಆಮೇಲೆ ಕೂರುತ್ತಾರೆ. ಶಾಲೆಯ ಮುಂದಿನ ತೆಂಗಿನ ಮರವನ್ನು ಯಾವುದೋ ಆಟದವರು ಹೊತ್ತುಗೊತ್ತಿಲ್ಲದೆ ಅಲ್ಲಾಡಿಸುತ್ತಾರೆ. ಅದರ ಕೆಳಗೆ ಬಲೆ ಕಟ್ಟಿದ್ದೇವೆ. ಕಾಯಿ ಶಾಲೆಯ ಬಿಸಿಯೂಟದ ಸಾರಿಗೆ ಆಗುತ್ತದೆ.

ಒಂದೇ ಒಂದು ಸಲ ಗಲಾಟೆ ಆಯಿತು. ಸಾಬರ ಎದುರು ಅಂಗಡಿಯವನು ಯಾವುದೋ ಹಳೆಯ ಸಿಟ್ಟಿಗೆ ಹುಂಜವಿದ್ದ ಆಟವನ್ನು ಹಾಕಿಕೊಂಡು, ಇಡೀ ಮಧ್ಯಾಹ್ನ ಅದನ್ನು ಮುಳ್ಳಿನ ಮೇಲೆ ಓಡಿಸಿದ. ಪಾಪದ ಹುಂಜ ಸಂಜೆಯ ಹೊತ್ತಿಗೆ ಪುಕ್ಕವೆಲ್ಲ ಉದುರಿಸಿಕೊಂಡು ಬರೀ ಸ್ವೆಟರಿನಲ್ಲಿ ನಿಂತಿತ್ತು. ಊರು ಸೇರಿ ತೀರ್ಮಾನ ಮಾಡಿತು: ಹೊರಗಿನವರು ತಿಳಿಯದೆ ಆಡುತ್ತಾರೆ, ಆಡಲಿ, ತಿಳಿದವರು ಆಡಬಾರದು. ಅಂದಿನಿಂದ ಊರೊಳಗೆ ಇಂದ್ರಾಣಿಯ ಚಿತ್ರಗಳಿರುವ ಆಟವನ್ನು ಯಾರೂ ಮುಟ್ಟುವುದಿಲ್ಲ.

ಈಗ ನನ್ನ ಅವ್ವನ ವಿಷಯಕ್ಕೆ ಬರುತ್ತೇನೆ. ಅವ್ವನ ಹೆಸರು ತಾಯಮ್ಮ. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವಳ ಮಂಡಿ ಎರಡೂ ಕೈಕೊಟ್ಟವು. ಜಗಲಿಯ ಮಂಚವೇ ಗತಿಯಾಯಿತು. ಕಾಲು ನಿಂತಿತೇ ಹೊರತು ಬಾಯಿ ನಿಲ್ಲಲಿಲ್ಲ. ಬೀದಿಯಲ್ಲಿ ಹೋಗುವವರ ನಡಿಗೆ, ಅವರ ಸೀರೆಯ ಅಂಚು, ಅವರ ಮಕ್ಕಳ ಮಾರ್ಕು, ಎಲ್ಲದಕ್ಕೂ ಮಂಚದ ಮೇಲಿಂದ ಒಂದು ಅಭಿಪ್ರಾಯ ಹೊರಡುತ್ತಿತ್ತು. ಸೊಸೆಯ ಮೇಲಂತೂ ದಿನಕ್ಕೊಂದು. ಇಂದ್ರಾಣಿಯೂ ಬಿಡುತ್ತಿರಲಿಲ್ಲ, ಒಂದಕ್ಕೆ ಒಂದೂವರೆ ಕೊಡುತ್ತಿದ್ದಳು. ನಡುವೆ ನಾನು ಗಿರಣಿಗೆ ಹೋಗಿ ಮೋಟಾರ್ ಹಾಕಿಕೊಂಡು ಕೂರುತ್ತಿದ್ದೆ, ಆ ಸದ್ದಿನಲ್ಲಿ ನೆಮ್ಮದಿ ಇತ್ತು.

ಬೆಂಚು ಬಣ್ಣ ಬದಲಿಸಿದ ಸುದ್ದಿ ಬಂದ ದಿನ ಅವ್ವ ಕೇಳಿದಳು: "ಹುಂಜ ಬರ್ದೆ, ಇಡ್ಲಿ ಪಾತ್ರೆ ಬರ್ದೆ, ಬೆಂಚೂ ಬರ್ದೆ. ನಾನೇನ್ ಬೆಂಚಿಗಿಂತ ಕಡೆನಾ?"

ಇಂದ್ರಾಣಿ ಬೇಡವೆಂದಳು. ಹುಂಜವನ್ನು ಕೊಟ್ಟ ಹಾಗಲ್ಲ ಮನುಷ್ಯರನ್ನು ಕೊಡುವುದು ಎಂದು ಬಿಡಿಸಿ ಹೇಳಿದಳು. ಒಮ್ಮೆ ಧಾರೆ ಎರೆದರೆ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು, ಅಜ್ಜಿಯನ್ನು ಗಿಡ ಮಾಡಬಹುದು, ದೆವ್ವ ಮಾಡಬಹುದು, ಕೇಳುವ ಹಾಗಿಲ್ಲ. ಅವ್ವ ಊಟ ಬಿಟ್ಟಳು. ಮಧ್ಯಾಹ್ನದ ಒಂದು ಊಟ ಮಾತ್ರ, ಸಂಜೆ ಉಪ್ಪಿಟ್ಟು ತಿಂದಳು. ಆದರೂ ಇಂದ್ರಾಣಿಗೆ ತಡೆಯಲಾಗಲಿಲ್ಲ. ಬರೆಯಲು ಕೂತಳು.

ಪುಟ್ಟ ಚಿತ್ರ ಅದು, ಹೆಬ್ಬೆರಳಿನ ಉಗುರಿನಷ್ಟು. ನೀಲಿ ಸೀರೆ, ಬೆಳ್ಳಿ ತುರುಬು, ಕೈಯಲ್ಲಿ ಊರುಗೋಲು, ಸೊಂಟದಲ್ಲಿ ಎಲೆಯಡಿಕೆ ಚೀಲ. ಮೂಗಿಗೆ ಒಂದೇ ಚೌಕ ಸಿಕ್ಕಿತು. ಅವ್ವನ ತಕರಾರು ಮೂಗಿನ ಮೇಲೇ ಬಂತು; ತನ್ನ ಮೂಗು ಇಡೀ ತೌರುಮನೆಯಲ್ಲಿ ಹೆಸರಾಗಿತ್ತು, ಅದಕ್ಕೆ ಇನ್ನೊಂದು ಚೌಕ ಕೊಟ್ಟರೆ ಗಂಟು ಹೋಗುತ್ತದೆಯೇ ಎಂದಳು. ಇನ್ನೊಂದು ಕೊಟ್ಟರೆ ಗಿಳಿಯಾಗುತ್ತೀರಿ ಅತ್ತೆ ಎಂದಳು ಇಂದ್ರಾಣಿ. ಮಂಚವನ್ನೇ ಹೊಸ್ತಿಲ ತನಕ ಎಳೆದೆವು. ಸೊಸೆಯ ಕೈಯ ಮೇಲೆ ಅತ್ತೆಯ ಕೈ, ಅದರ ಮೇಲೆ ನೀರು.

ಕೆಲವು ವಾರ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಹಲ್ಲುಜ್ಜುತ್ತಾ ನಿಂತಿದ್ದಾಗ ಅವ್ವ ಹಿಂದಿನಿಂದ ಬಂದು "ದಾರಿ ಬಿಡೋ ಬೆಟ್ಟ" ಎಂದಳು. ಬಿಟ್ಟೆ. ಅವಳು ಗೇಟು ದಾಟಿ ಹೋದ ಮೇಲೆ ನನಗೆ ಹೊಳೆಯಿತು. ಬ್ರಷ್ ಬಾಯಲ್ಲೇ ಇಟ್ಟುಕೊಂಡು ಒಳಗೆ ಓಡಿದೆ. ಇಂದ್ರಾಣಿ ಸೌಟು ಹಿಡಿದುಕೊಂಡು ಹೊರಗೆ ಬಂದಳು. ಅತ್ತೆ ಬೀದಿಯ ತುದಿಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಚರಂಡಿ ದಾಟುತ್ತಿದ್ದುದನ್ನು ನೋಡಿ ಅಲ್ಲೇ ಕೂತು ಅತ್ತುಬಿಟ್ಟಳು. ಇಷ್ಟು ದಿನ ಬರೆದದ್ದೆಲ್ಲ ಇದಕ್ಕೇ ಇರಬೇಕು ಎಂದಳು. ನಾನೂ ಏನೋ ಹೇಳಿದೆ, ಬಾಯ ತುಂಬ ಪೇಸ್ಟಿದ್ದುದರಿಂದ ಏನೆಂದು ಯಾರಿಗೂ ಗೊತ್ತಾಗಲಿಲ್ಲ.

ಅವ್ವನನ್ನು ಹಿಡಿಯುವವರೇ ಇಲ್ಲದ ಹಾಗಾಯಿತು. ಇಷ್ಟು ವರ್ಷ ಮಂಚದ ಮೇಲಿಂದ ಟೀಕಿಸಿದ್ದನ್ನೆಲ್ಲ ಈಗ ಹತ್ತಿರ ಹೋಗಿ ಟೀಕಿಸಿದಳು. ಹೋಟೆಲಿನ ಚಟ್ನಿ ತಿದ್ದಿಸಿದಳು. ಸಾಬರ ಅಂಗಡಿಯಲ್ಲಿ ಕೂತು ರವಿಕೆಯ ತೋಳಿನ ಅಳತೆಗೆ ಜಗಳವಾಡಿದಳು. ಆಗಾಗ ನಡುಬೀದಿಯಲ್ಲಿ ನಿಂತು, ಎದುರಿಗೆ ಯಾರೂ ಇಲ್ಲದಿದ್ದರೂ ಊರುಗೋಲನ್ನು ಜೋರಾಗಿ ಬೀಸುತ್ತಿದ್ದಳು. ಜನ ಅದಕ್ಕೂ ಹೊಂದಿಕೊಂಡರು. ತಾಯಮ್ಮ ಬರುತ್ತಿದ್ದರೆ ಸೈಕಲ್ಲಿನವರು ಇಳಿದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಅವ್ವ ತಲೆಯ ಮೇಲೆ ಸೆರಗು ಹೊದೆಯತೊಡಗಿದಳು. ಯಾಕೆ ಎಂದು ಕೇಳಿದರೆ ಚಳಿ ಅನ್ನುತ್ತಿದ್ದಳು. ಇಂದ್ರಾಣಿ ಎಣ್ಣೆ ಹಚ್ಚುವ ನೆಪದಲ್ಲಿ ಸೆರಗು ಸರಿಸಿದಳು. ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ಊತ, ಹಣೆಯಲ್ಲಿ ಇನ್ನೊಂದು. ಬಾಗಿಲು ಬಡಿಯಿತು ಎಂದಳು ಅವ್ವ. ನಮ್ಮ ಮನೆಯ ಬಾಗಿಲು ಅವಳಿಗಿಂತ ಎರಡು ಗೇಣು ಎತ್ತರ.

ಇಂದ್ರಾಣಿಗೆ ಅನುಮಾನ ಬಂತು. ಶಾಲೆಯಲ್ಲಿ ಗಣಿತ ಹೇಳುವ ವಸುಂಧರಾ ಮೇಡಂ ನಮ್ಮ ಊರಿನಲ್ಲಿ ಕಂಪ್ಯೂಟರ್ ಬಲ್ಲವರು. ಅವರು ಹುಡುಕಿ, ಯಾರೋ ಆಡಿ ವಿಡಿಯೋ ಹಾಕಿದ್ದ ಒಂದು ಆಟವನ್ನು ತೋರಿಸಿದರು. ಆಡಲಿಲ್ಲ, ನೋಡಿದೆವು ಅಷ್ಟೆ. ಹಿಮ ಬೀಳುವ ದೇಶದ ಯಾರೋ ಒಬ್ಬ ಕಟ್ಟಿದ ಆಟ. ಮಂಜಿನ ಕಾಡು ದಾಟಿ, ಮಂಜಿನ ಹೊಳೆ ದಾಟಿ ಹೋದರೆ ಕೊನೆಗೆ ಒಂದು ಮಂಜಿನ ಅರಮನೆ. ಅರಮನೆಯ ತುದಿಯಲ್ಲಿ ಕೊನೆಯ ರಾಕ್ಷಸಿ. ನೀಲಿ ಸೀರೆ, ಬೆಳ್ಳಿ ತುರುಬು, ಮೂಗಿಗೆ ಒಂದೇ ಚೌಕ. ಬಂದವರನ್ನು ಊರುಗೋಲಿನಿಂದ ಬಾರಿಸುತ್ತಾಳೆ. ಹತ್ತಿರ ಬರದಿದ್ದರೆ ಎಲೆಯಡಿಕೆ ಉಗಿಯುತ್ತಾಳೆ, ಅದು ಬೆಂಕಿಯ ಉಂಡೆಯಾಗಿ ಹೋಗುತ್ತದೆ. ಅವಳನ್ನು ಸೋಲಿಸಬೇಕಾದರೆ ಹಾರಿ ನೆತ್ತಿಯ ಮೇಲೆ ಕುಕ್ಕಬೇಕು. ಮೊದಲ ತಿಂಗಳುಗಳಲ್ಲಿ ಅರಮನೆಯ ತನಕ ಬಂದವರೇ ಕಡಿಮೆಯಂತೆ. ಈಗ ಎಲ್ಲರೂ ಪಳಗಿದ್ದರು.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ರೇಗಿದೆ. ನನ್ನ ಹೆತ್ತ ತಾಯಿಯ ತಲೆಯ ಮೇಲೆ ಲೋಕದ ಪೋಲಿಗಳೆಲ್ಲ ಹಾರುತ್ತಿದ್ದಾರೆ, ನೀನು ಧಾರೆ ಎರೆದು ಕಳಿಸಿದ್ದೀಯ ಎಂದೆ. ಇಂದ್ರಾಣಿ ನನಗೆ ಒಂದು ಮಾತೂ ತಿರುಗಿ ಹೇಳಲಿಲ್ಲ. ಅವಳು ಉತ್ತರ ಕೊಡದಿದ್ದರೆ ನನಗೆ ಹೆದರಿಕೆಯಾಗುತ್ತದೆ. ಆ ದಿನ ಅನ್ನ ಸೀದುಹೋಯಿತು, ಅವಳಿಗೆ ವಾಸನೆಯೂ ಗೊತ್ತಾಗಲಿಲ್ಲ. ಕೊಟ್ಟದ್ದನ್ನು ಕೇಳಿದರೆ ಇನ್ನು ತಾನು ಧಾರೆ ಎರೆಯುವ ಮಾತಿಗೆ ಏನು ಬೆಲೆ. ಕೇಳದಿದ್ದರೆ ಅತ್ತೆಯ ತಲೆ ಉಳಿಯುವುದು ಹೇಗೆ. ಮಾರನೆಯ ಬೆಳಿಗ್ಗೆ ಅವಳು ಆ ಆಟದವನಿಗೆ ಬರೆದಳು. ನಿಮ್ಮ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಆದರೂ ಒಂದು ಕೋರಿಕೆ, ಆ ಅಜ್ಜಿಯನ್ನು ತೆಗೆಯಿರಿ ಎಂದು. ಅತ್ತೆಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅವನು ಒಳ್ಳೆಯವನೇ. ತಕ್ಷಣ ಉತ್ತರ ಬರೆದ. ತೆಗೆದಿದ್ದೇನೆ, ಕ್ಷಮಿಸಿ, ಅವರ ಜಾಗದಲ್ಲಿ ಒಂದು ಕರಡಿಯನ್ನು ಇಟ್ಟಿದ್ದೇನೆ ಎಂದ.

ಎರಡು ದಿನಕ್ಕೆ ಅವ್ವ ಹೋಟೆಲಿನ ಮುಂದೆ ಕುಸಿದು ಕೂತಳು. ದಸ್ತಗೀರ್ ಸಾಬರೂ ನಾನೂ ಎತ್ತಿಕೊಂಡು ಬಂದು ಮಂಚದ ಮೇಲೆ ಮಲಗಿಸಿದೆವು. ತಲೆಯ ಊತ ಇಳಿಯಿತು. ಊತದ ಜೊತೆ ಮಾತೂ ಇಳಿಯಿತು. ಸೀರೆಯ ಅಂಚು ಸೊಟ್ಟಗೆ ಉಟ್ಟವರು ಮಂಚದ ಮುಂದೆಯೇ ಹಾದುಹೋದರೂ ಅವಳು ಏನೂ ಅನ್ನಲಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡಳು. ಇಂದ್ರಾಣಿ ಬೇಕೆಂದೇ ಉಪ್ಪು ಹಾಕದೆ ಬಡಿಸಿ ನೋಡಿದ್ದು ಅದು. ಖಾಲಿ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಅತ್ತೆ ನನ್ನ ಬೈತಿಲ್ಲ ಕಣ್ರೀ ಎಂದು ನನ್ನ ಮುಂದೆ ಅತ್ತಳು.

ಕೊನೆಗೆ ತಡೆಯಲಾರದೆ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಆಟ, ಅರಮನೆ, ಆಟದವನಿಗೆ ತಾನು ಬರೆದದ್ದು, ಅವನು ತೆಗೆದದ್ದು. ಅವ್ವ ಸೂರು ನೋಡುತ್ತಾ ಕೇಳಿಸಿಕೊಂಡಳು.

"ನನ್ ಜಾಗಕ್ಕೆ ಯಾರ್ನ ಇಟ್ಟವ್ನೆ?" ಎಂದಳು.

"ಕರಡಿ, ಅತ್ತೆ."

"ಕರಡೀನಾ." ಅವ್ವ ಸೊಸೆಯ ಕಡೆ ಮಗ್ಗುಲಾದಳು. ಆಮೇಲೆ ಹೇಳಿದಳು: "ನೀರ್ ಬಿಡೋವಾಗ ನನ್ ಕೈನೂ ಇತ್ತಲ್ಲೇ. ವಾಪಸ್ ಇಸ್ಕೊಳ್ಳೋವಾಗ ಯಾಕೆ ಕೇಳ್ಲಿಲ್ಲ?"

ತಲೆ ಒಡೆಯುತ್ತಿತ್ತಲ್ಲ ಅತ್ತೆ, ನೋಡಲಾಗಲಿಲ್ಲ ಎಂದಳು ಇಂದ್ರಾಣಿ.

"ಏಟು ಬೀಳ್ತಿತ್ತು, ಇಲ್ಲ ಅನ್ನಲ್ಲ. ನಾನ್ ಎಷ್ಟ್ ಜನಕ್ಕೆ ಇಟ್ಟೆ ಅನ್ನೋದು ನಿಂಗೆ ಗೊತ್ತಾ? ಮುಖ ಕಾಣ್ತಿರ್ಲಿಲ್ಲ, ಆದ್ರೆ ಬರೋರು ಕಣೇ. ಕಾಡು ದಾಟಿ, ಹೊಳೆ ದಾಟಿ, ನನ್ನೇ ಹುಡುಕ್ಕೊಂಡು ಬರೋರು. ಈ ಮಂಚದ ಹತ್ರ ಯಾರ್ ಬರ್ತಾರೆ? ಊಟ ಆಯ್ತಾ ಅಂತಾರೆ, ಹೋಗ್ತಾರೆ."

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಊಟ ಆಯಿತಾ ಎಂದು ದಿನವೂ ಕೇಳಿ ಗಿರಣಿಗೆ ಹೋಗುವವನು ನಾನೇ. ಇಂದ್ರಾಣಿ ಅತ್ತೆಯ ಕೈ ಹಿಡಿದುಕೊಂಡು ಕೂತಿದ್ದಳು, ಬಿಡಿಸಿಕೊಳ್ಳಲು ಅವ್ವ ಎರಡು ಸಲ ನೋಡಿ ಸುಮ್ಮನಾದಳು.

ಆಟದವನಿಗೆ ಮತ್ತೆ ಬರೆಯಲು ಇಂದ್ರಾಣಿಗೆ ಮುಖವಿರಲಿಲ್ಲ. ತೆಗೆ ಅಂದವಳು ಈಗ ಹಾಕು ಅಂದರೆ ಅವನೇನು ಇವಳ ಮನೆಯ ಜೀತದವನೇ. ಅದೂ ಅಲ್ಲದೆ ಕರಡಿ ಎಲ್ಲರಿಗೂ ಇಷ್ಟವಾಗಿಬಿಟ್ಟಿತ್ತು. ಆಗ ವಸುಂಧರಾ ಮೇಡಂ ಹೇಳಿದ ಮಾತು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಬೀದಿಗೆ ಕೇಳುವ ಹಾಗೆ ಹೇಳಿದ್ದೀರಲ್ಲ, ಆ ಯಾರು ಬೇಕಾದರೂ ಎಂಬುದರಲ್ಲಿ ನಾವೂ ಬರುತ್ತೇವೆ, ನಾವೇ ಒಂದು ಆಟ ಕಟ್ಟೋಣ ಎಂದರು.

ಕಟ್ಟಿದೆವು. ಪ್ರೋಗ್ರಾಂ ಬರೆದದ್ದು ಮೇಡಂ. ದಸ್ತಗೀರ್ ಸಾಬರು ಹೊಲಿಗೆ ಯಂತ್ರದ ತಾಳಕ್ಕೆ ಬಾಯಲ್ಲಿ ಒಂದು ರಾಗ ಸೇರಿಸಿ ಸಂಗೀತ ಕೊಟ್ಟರು. ಗುಡುಗಿನ ಸದ್ದಿಗೆ ನನ್ನ ಗಿರಣಿ ಸಾಕಾಯಿತು. ರಾಗಿ ಬೀಸಿದರೆ ದೂರದ ಗುಡುಗು, ಮೆಣಸಿನಕಾಯಿ ಬೀಸಿದರೆ ಹತ್ತಿರದ್ದು, ಮೇಡಂ ಸೀನುವುದು ಮಾತ್ರ ನಡುವೆ ಸೇರಿಕೊಂಡಿತು. ಆದರೆ ಅವ್ವನಿಗೆ ಏಟು ಬೀಳಬಾರದೆಂದು ನಾವೆಲ್ಲ ಸೇರಿ ತುಂಬ ಒಳ್ಳೆಯ ಆಟ ಕಟ್ಟಿಬಿಟ್ಟೆವು. ಅದರಲ್ಲಿ ಒಬ್ಬ ಅಜ್ಜಿ ಮನೆಯಿಂದ ಹೊರಟು, ಮಲ್ಲಿಗೆ ಕಿತ್ತುಕೊಂಡು, ಹಸುವಿಗೆ ಬಾಳೆಹಣ್ಣು ಕೊಟ್ಟು ವಾಪಸ್ ಬರುತ್ತಾಳೆ. ಮುಳ್ಳಿಲ್ಲ, ಹಳ್ಳವಿಲ್ಲ, ಶತ್ರುವಿಲ್ಲ. ಊರಿನ ಕಟ್ಟಳೆ ಮುರಿಯಬಾರದೆಂದು ಸಾಬರು ಪರವೂರಿನಲ್ಲಿದ್ದ ತಮ್ಮ ಭಾವಮೈದನ ಕೈಲಿ ಆಡಿಸಿದರು.

ಅವ್ವ ಎದ್ದಳು. ಅಂಗಳದಲ್ಲಿ ಎರಡು ಸುತ್ತು ನಡೆದಳು, ಬೇಲಿಯ ಮಲ್ಲಿಗೆ ಕಿತ್ತಳು, ವಾಪಸ್ ಬಂದು ಮಂಚದ ಮೇಲೆ ಕೂತು ಮುಖ ಸಿಂಡರಿಸಿದಳು. ಇದು ಆಟವೋ, ಆಸ್ಪತ್ರೆಯವರು ಮಾಡಿಸುವ ವ್ಯಾಯಾಮವೋ ಎಂದಳು. ಭಾವಮೈದನಿಗೂ ಅಷ್ಟರಲ್ಲಿ ಬೇಜಾರು ಬಂದು ಅವನು ಆಟ ಮುಚ್ಚಿದ್ದ.

ಎರಡನೆಯ ಆಟವನ್ನು ಅವ್ವ ಮಂಚದ ಮೇಲಿಂದ ತಾನೇ ಹೇಳಿ ಕಟ್ಟಿಸಿದಳು. ಅರಮನೆ ಬೇಡ, ಗಿರಣಿ ಸಾಕು. ರಾಕ್ಷಸಿ ಓಡಾಡಲು ಇಡ್ಲಿ ಪಾತ್ರೆ ಇರಲಿ, ಹಗ್ಗ ಸಮೇತ. ಎಲೆಯಡಿಕೆಯ ಬೆಂಕಿ ಹಾಗೇ ಇರಲಿ, ಅದು ಚೆನ್ನಾಗಿತ್ತು. ಮೂಗಿಗೆ ಇನ್ನೊಂದು ಚೌಕವನ್ನು ಈ ಸಲ ಇಂದ್ರಾಣಿ ತಕರಾರಿಲ್ಲದೆ ಕೊಟ್ಟಳು. ಎಲ್ಲ ಮುಗಿದ ಮೇಲೆ ಮೇಡಂ ಕೇಳಿದರು, ರಾಕ್ಷಸಿಯೇನೋ ಆದಳು, ಅವಳ ಮೇಲೆ ಬೀಳಲು ಬರುವ ವೀರ ಯಾರು?

ಅವ್ವ ಸೊಸೆಯ ಕಡೆ ಊರುಗೋಲು ಚಾಚಿದಳು.

ಊರನ್ನೆಲ್ಲ ಬರೆದ ಇಂದ್ರಾಣಿ ತನ್ನನ್ನು ಒಂದು ದಿನವೂ ಬರೆದುಕೊಂಡಿರಲಿಲ್ಲ. ನಮಗೆ ಅದು ಆಗಲೇ ತಿಳಿದದ್ದು. ಕೊಡುವವಳಿಗೆ ತನ್ನನ್ನು ಕೊಡಲು ಭಯ. ಯಾರು ಏನು ಮಾಡುತ್ತಾರೋ, ಕತ್ತರಿಸುತ್ತಾರೋ, ಯಾವ ಮುಳ್ಳಿನ ಮೇಲೆ ಓಡಿಸುತ್ತಾರೋ. ಅದೆಲ್ಲ ಅವಳ ಮುಖದಲ್ಲಿ ಬಂದುಹೋದದ್ದು ನನಗೆ ಕಂಡಿತು. ಬೇಡ ಅನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕನ್ನಡಿಯನ್ನು ಕಂಪ್ಯೂಟರ್ ಪಕ್ಕ ಇಟ್ಟುಕೊಂಡು ಕೂತಾಗಿತ್ತು. ಹಳದಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಸೌಟು. ಹೊಸ್ತಿಲಿಗೆ ಬಂದಾಗ ತನ್ನ ಕೈ ತಾನೇ ಹಿಡಿಯುವುದು ಹೇಗೆಂದು ನಿಂತಳು. ಅವ್ವ ಮಂಚದ ಮೇಲಿಂದ ಕೈ ಚಾಚಿ ಅವಳ ಕೈಗೆ ಆಸರೆ ಕೊಟ್ಟಳು. ನೀರು ಬಿಟ್ಟದ್ದು ನಾನು. ಮಾತನ್ನು ಇಂದ್ರಾಣಿಯೇ ಹೇಳಿದಳು, "ಯಾರ್ ಬೇಕಾದ್ರೂ" ಎಂಬುದನ್ನು ಮಾತ್ರ ಎರಡು ಸಲ ಹೇಳಬೇಕಾಯಿತು.

ಆಟವನ್ನೂ ಹಾಗೇ ಧಾರೆ ಎರೆದು ಇಂಟರ್ನೆಟ್ಟಿಗೆ ಬಿಟ್ಟೆವು. ಯಾರೂ ಮುಟ್ಟಲಿಲ್ಲ. ಲೋಕದಲ್ಲಿ ಆಟಗಳಿಗೇನು ಬರವೇ. ಭಾವಮೈದನಿಗೂ ನಮ್ಮ ಸಹವಾಸ ಸಾಕಾಗಿತ್ತು. ಅವ್ವ ಮಲಗಿಯೇ ಇದ್ದಳು. ಆಗ ಸಾಬರೇ ಊರನ್ನು ಸೇರಿಸಿ, ಹುಂಜದ ವಿಷಯದಲ್ಲಿ ನೋವು ತಿಂದವನು ನಾನು, ನಾನೇ ಹೇಳುತ್ತಿದ್ದೇನೆ, ಏಟು ತಿನ್ನುವವರೇ ಆಡಿ ಅಂದರೆ ಆಡಬಹುದು ಎಂದು ಕಟ್ಟಳೆ ತಿದ್ದಿ ಎಂದರು. ಊರು ಒಪ್ಪಿತು. ಆದರೆ ತಾಯಮ್ಮನ ನೆತ್ತಿಯ ಮೇಲೆ ಕುಕ್ಕಲು ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ನಾಳೆ ಬೆಳಿಗ್ಗೆ ಬೀದಿಯಲ್ಲಿ ಓಡಾಡುವುದಿತ್ತು.

"ಇಂದ್ರಾಣಿ, ಕೂತ್ಕೊ" ಎಂದಳು ಅವ್ವ.

ಕಂಪ್ಯೂಟರನ್ನು ಜಗಲಿಗೆ ತಂದೆವು. ಅರ್ಧ ಊರು ಬೀದಿಯಲ್ಲಿ ನಿಂತಿತ್ತು. ಇಂದ್ರಾಣಿ ಹಳದಿ ಸೀರೆಯ ಪುಟ್ಟ ಹೆಂಗಸನ್ನು ನಿಧಾನವಾಗಿ ಗಿರಣಿಯ ತನಕ ನಡೆಸಿಕೊಂಡು ಹೋದಳು. ಇತ್ತ ಕೂತಲ್ಲೇ ಅವಳ ಕಾಲೂ ಆಡಿ ಧೂಳೆದ್ದಿತು. ನೀಲಿ ಸೀರೆ ಎದುರಾಯಿತು. ಅವ್ವ ಮಂಚದ ಮೇಲೆ ಎದ್ದು ಕೂತಳು, ಅಷ್ಟೆ, ನಿಲ್ಲಲಾಗಲಿಲ್ಲ. ಇಂದ್ರಾಣಿ ಹಾರಲಿಲ್ಲ. ಸುತ್ತ ಸುತ್ತ ಓಡಾಡಿಸಿದಳು, ಸೌಟನ್ನು ಗಾಳಿಗೆ ಬೀಸಿದಳು.

"ಉಪಚಾರ ಬೇಡ ಕಣೇ" ಎಂದಳು ಅವ್ವ. "ಇಷ್ಟ್ ವರ್ಷದ್ದು ಇದ್ಯಲ್ಲ ಒಳಗೆ, ಅದ್ನ ತೆಗ್ದು ಹೊಡಿ."

ಇಂದ್ರಾಣಿ ಕಣ್ಣು ಒರೆಸಿಕೊಂಡಳು. ಆಮೇಲೆ ಹಾರಿದಳು. ಅವ್ವ "ಅಯ್ಯೋ" ಎಂದು ನೆತ್ತಿ ಹಿಡಿದುಕೊಂಡು ಮಂಚದಿಂದ ನೆಟ್ಟಗೆ ಎದ್ದು ನಿಂತಳು. ನಿಂತವಳೇ ಊರುಗೋಲು ಬೀಸಿದಳು. ಕೂತಿದ್ದ ಇಂದ್ರಾಣಿಯ ಹಣೆಯಲ್ಲಿ ಟಪ್ಪೆಂದು ಊದಿಕೊಂಡಿತು. ಆಟದಲ್ಲಿ ಸೊಸೆ ಮಗ್ಗುಲಿಗೆ ಓಡಿದಳು, ಇಲ್ಲಿ ಅತ್ತೆ ಉಗಿದಳು, ಬೀದಿಯಲ್ಲಿದ್ದವರು ಬಗ್ಗಿದರು. ಮೊದಲ ಸುತ್ತಿನ ಗೆಲುವು ಅವ್ವನದು. ಎರಡನೆಯದೂ ಅವ್ವನದೇ. ಮೂರನೆಯದು ಯಾರದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಸಂಜೆ ಅವರಿಬ್ಬರೂ ಹಿತ್ತಲ ಕಟ್ಟೆಯಲ್ಲಿ ಕೂತು ಒಬ್ಬರ ಹಣೆಗೆ ಒಬ್ಬರು ಅರಿಶಿನ ಹಚ್ಚಿದರು. ಸಾರಿಗೆ ಉಪ್ಪು ಕಡಿಮೆಯಾಗಿತ್ತೆಂದು ಆಗ ಅವ್ವ ಹೇಳಿದಳು. ಹಳೆಯ ಬಾಕಿ ಅದು, ಇಟ್ಟುಕೊಂಡಿದ್ದಳು.

ಮೇಡಂ ಆ ಆಟವನ್ನು ಪಕ್ಕದಲ್ಲಿ ನಿಂತು ವಿಡಿಯೋ ಮಾಡಿ ಹಾಕಿದ್ದರು. ಯಾರೋ ನೋಡಿದರು, ಇನ್ಯಾರೋ ಆಡಿದರು. ಈಗ ನಮ್ಮ ಮನೆಯಲ್ಲಿ ಊಟದ ನಡುವೆ ಇಬ್ಬರೂ ಎದ್ದು ಅಂಗಳಕ್ಕೆ ಹೋಗುವುದು ಮಾಮೂಲಾಗಿದೆ. ಯಾರೋ ಬಂದರು ಅನ್ನುತ್ತಾಳೆ ಅವ್ವ. ಒಬ್ಬಳು ಊರುಗೋಲು, ಒಬ್ಬಳು ಸೌಟು. ನೆರೆಹೊರೆಯವರು ಹಪ್ಪಳವನ್ನು ನಮ್ಮ ಕಡೆ ಒಣಗಲು ಹಾಕುವುದನ್ನು ಬಿಟ್ಟಿದ್ದಾರೆ.

ಮೊನ್ನೆ ಮಧ್ಯಾಹ್ನವೂ ಎದ್ದರು. ನಾನು ಅನ್ನ ಕಲಸುತ್ತಾ ಬಾಗಿಲಿನಿಂದ ನೋಡುತ್ತಿದ್ದೆ. ಎದುರುಬದುರು ನಿಲ್ಲಬೇಕಾದವರು ಅಂದು ಹಾಗೆ ನಿಲ್ಲಲಿಲ್ಲ. ಇಬ್ಬರ ಕಾಲೂ ಒಂದೇ ಕಡೆಗೆ ತಿರುಗಿದವು. ಅತ್ತೆಯ ಭುಜಕ್ಕೆ ಸೊಸೆಯ ಭುಜ ತಾಗಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲೋ ಯಾರೋ ಪುಣ್ಯಾತ್ಮರು ನಮ್ಮ ಆಟವನ್ನು ತೆಗೆದುಕೊಂಡು, ನಮ್ಮನ್ನು ಕೇಳದೆ, ಕೇಳುವ ಅಗತ್ಯವೂ ಇಲ್ಲದೆ, ಬದಲಾಯಿಸಿಬಿಟ್ಟಿದ್ದರು.

ಖಾಲಿ ಅಂಗಳದ ತುದಿಯನ್ನು ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ಮುಖ ಅರಳಿತು.

"ಇವತ್ತು ನಾವಿಬ್ರೂ ಒಂದೇ ಕಡೆ ಕಣೇ" ಎಂದಳು. "ಬತ್ತಾ ಇರೋದು ಕರಡಿ."

ಇಂದ್ರಾಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನೀವ್ ಬಲಗಡೆ ನೋಡ್ಕೊಳ್ಳಿ, ಅತ್ತೆ" ಎಂದಳು.

ನಾನು ಎದ್ದು ಅವರಿಬ್ಬರ ತಟ್ಟೆಗಳ ಮೇಲೆ ಮುಚ್ಚಳ ಮುಚ್ಚಿ, ಪಕ್ಕದಲ್ಲೇ ಕಾಯುತ್ತಾ ಕೂತೆ.